ಊಟದ ಮೊದಲು ಒಂದು ಕಾಗೆ

ನಿವೃತ್ತಿಯಾದವನ ಬದುಕಿನಲ್ಲಿ ಇನ್ನು ನಡೆಯುವುದೇನೂ ಇರುವುದಿಲ್ಲ ಎಂಬ ಧಾಟಿಯಲ್ಲಿ ನನ್ನ ಬೀಳ್ಕೊಡುಗೆಯ ದಿನ ಎಲ್ಲರೂ ಭಾಷಣ ಮಾಡಿದ್ದರು. ಅವರನ್ನೆಲ್ಲ ಒಮ್ಮೆ ಮನೆಗೆ ಕರೆಯಬೇಕೆಂದಿದ್ದೇನೆ. ನನಗೆ ದಿನವೂ ಏನಾದರೊಂದು ನಡೆಯುತ್ತಲೇ ಇರುತ್ತದೆ, ಅದೂ ಹೆಚ್ಚಾಗಿ ಮಧ್ಯಾಹ್ನದ ಊಟದ ಮೊದಲು. ಎಲ್ಲದಕ್ಕೂ ಕಾರಣ ಕಾಗೆ.

ಕರಟಿದ ದೋಸೆ

ಮಣಿಪಾಲದ ಒಂದು ವಿಮಾ ಕಚೇರಿಯಲ್ಲಿದ್ದವನು ನಾನು. ಗಟ್ಟಿಮುಟ್ಟಾಗಿ ನಗುನಗುತ್ತಾ ಬಂದವರಿಗೆ ಅವರ ಸಾವಿನ ವಿಚಾರ ವಿವರಿಸಿ ಹೇಳುವುದು ನನ್ನ ಉದ್ಯೋಗ. ಮಾತು ನನಗೆ ಅಲ್ಲಿಂದ ಬಂದ ಅಭ್ಯಾಸ ಎಂದು ನಾನು ಹೇಳುತ್ತೇನೆ. ಮದುವೆಯ ದಿನವೇ ಇತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ನಿವೃತ್ತಿಯ ಮರುದಿನ ಬೆಳಿಗ್ಗೆ, "ಇವತ್ತಿನ ದೋಸೆ ನನ್ನದು" ಎಂದು ಘೋಷಿಸಿ ಒಲೆಯ ಮುಂದೆ ನಿಂತೆ. ಅಷ್ಟರಲ್ಲಿ ಹಳೆಯ ಸಹೋದ್ಯೋಗಿಯ ಫೋನು ಬಂತು. ಬಂದ ಫೋನನ್ನು ಅರ್ಧದಲ್ಲಿ ಇಡುವವನು ನಾನಲ್ಲ. ತಿರುಗಿ ನೋಡುವಾಗ ದೋಸೆ ಇದ್ದಿಲಾಗಿತ್ತು. ಹೆಂಡತಿಗೆ ಕಾಣದ ಹಾಗೆ ಮಾಡೋಣವೆಂದು ಅದನ್ನು ಮಡಚಿದೆ. ಒಂದು ಮೂಲೆ ಚೂಪಾಗಿ ಹೊರಗೆ ನಿಂತಿತು. ನೋಡಿದರೆ ಸಾಕ್ಷಾತ್ ಕಾಗೆ! ಕಣ್ಣಿನ ಜಾಗಕ್ಕೆ ಒಂದು ಉದ್ದಿನ ಬೇಳೆ ಇಟ್ಟು, ಫೋಟೋ ತೆಗೆದು, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಅರ್ಧ ಗಂಟೆಯೊಳಗೆ ಕಾರ್ಕಳದ ನೆಂಟರಿಂದ ಹಿಡಿದು ಕಾಪುವಿನ ಗೆಳೆಯರ ತನಕ ಎಲ್ಲರೂ ಹೆಬ್ಬೆರಳು ಎತ್ತಿದರು. ವಿಮಾ ಪಾಲಿಸಿಗೆ ಯಾರೂ ಹಾಗೆ ಹೆಬ್ಬೆರಳು ಎತ್ತಿದ್ದಿಲ್ಲ.

ಅವತ್ತೇ ನಿರ್ಧಾರ ಮಾಡಿದೆ. ಇನ್ನು ದಿನಕ್ಕೊಂದು ಕಾಗೆ. ಕೈಗೆ ಸಿಕ್ಕಿದ ಸಾಮಾನಿನಲ್ಲೇ ಮಾಡುವುದು, ಅಂಗಡಿಯಿಂದ ಏನೂ ತರುವುದಿಲ್ಲ, ಯಾವುದನ್ನೂ ಮುರಿಯುವುದಿಲ್ಲ.

"ಇಷ್ಟು ಪುರುಸೊತ್ತು ಉಂಟಾದರೆ ಅಸೋಸಿಯೇಶನ್ ಸೆಕ್ರೆಟರಿ ಆಗಬಹುದಲ್ಲ?" ಎಂದಳು ಹೆಂಡತಿ.

ಇದು ಸಣ್ಣ ಬೆದರಿಕೆಯಲ್ಲ. ಆದಿ ಉಡುಪಿಯ ಹತ್ತಿರ ನಮ್ಮದೊಂದು ಫ್ಲ್ಯಾಟು. ಲಿಫ್ಟು ನಿಂತರೆ, ನೀರಿನ ಟ್ಯಾಂಕರ್ ತಡವಾದರೆ, ಒಬ್ಬರ ಕಾರಿನ ಜಾಗದಲ್ಲಿ ಇನ್ನೊಬ್ಬರು ಸ್ಕೂಟರ್ ನಿಲ್ಲಿಸಿದರೆ, ಎಲ್ಲರೂ ಬಾಗಿಲು ಬಡಿಯುವುದು ಸೆಕ್ರೆಟರಿಯದ್ದು. ಹಿಂದಿನ ಸೆಕ್ರೆಟರಿ ಮನೆಯನ್ನೇ ಖಾಲಿ ಮಾಡಿ ಕಾರ್ಕಳಕ್ಕೆ ಹೋದರು. ಅಂದಿನಿಂದ ಮೇಲಿನ ಮಹಡಿಯ ಅಧ್ಯಕ್ಷರು, ಗಲ್ಫಿನಿಂದ ಬಂದು ನೆಲೆಸಿದ ಸಜ್ಜನರು, ನನ್ನ ಮೇಲೆ ಕಣ್ಣಿಟ್ಟಿದ್ದಾರೆ.

"ಪುರುಸೊತ್ತು ಎಲ್ಲಿ? ದಿನಕ್ಕೊಂದು ಕಾಗೆ ಉಂಟಲ್ಲ" ಎಂದೆ.

"ಆಗಲಿ. ಊಟಕ್ಕೆ ಬಡಿಸುವ ಮೊದಲು ಕಾಗೆ ಆಗಬೇಕು. ಯಾವತ್ತು ಆಗಲಿಲ್ಲವೋ ಅವತ್ತು ಸಂಜೆ ಹೋಗಿ ಸೆಕ್ರೆಟರಿ ಆಗಿ ಬರಬೇಕು" ಎಂದಳು. ನಾನು ಧೈರ್ಯವಾಗಿ ಒಪ್ಪಿದೆ.

ಸುದ್ದಿ ಮೇಲಿನ ಮಹಡಿಗೆ ಹೇಗೆ ಹೋಯಿತೋ ಗೊತ್ತಿಲ್ಲ. ಅಂದಿನಿಂದ ಅಧ್ಯಕ್ಷರು ನನ್ನ ಸ್ಟೇಟಸ್ಸನ್ನು ಒಂದು ದಿನವೂ ತಪ್ಪಿಸಿಲ್ಲ. ನನ್ನ ಕಲೆಗೆ ಅವರಷ್ಟು ನಿಷ್ಠಾವಂತ ರಸಿಕ ಇನ್ನೊಬ್ಬನಿಲ್ಲ. ಕಾಗೆ ಚಂದ ಉಂಟೋ ಎಂದು ನೋಡುವುದಲ್ಲ, ಉಂಟೋ ಇಲ್ಲವೋ ಎಂದು ನೋಡುವುದು.

ಎಡ ರೆಕ್ಕೆಯಲ್ಲಿ ಒಂದು

ಕಾಪುವಿನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೆಳಿಗ್ಗೆ ಬೇಗ ಹೊರಟ ಗಡಿಬಿಡಿಯಲ್ಲಿ ಅವತ್ತಿನ ಕಾಗೆ ಬಾಕಿಯಾಗಿತ್ತು. ಪೂಜೆ ಮುಗಿದ ಕೂಡಲೇ ಊಟ. ಒಳಗೆ ಕಥೆಯ ಕೊನೆಯ ಅಧ್ಯಾಯ ಓದುತ್ತಿದ್ದರು. ಹೆಂಡತಿ ಹೆಂಗಸರ ಸಾಲಿನಿಂದ ನನ್ನನ್ನು ನೋಡಿ ಸಣ್ಣಗೆ ನಕ್ಕಳು.

ಮೆಲ್ಲನೆ ಹೊರಗೆ ಬಂದೆ. ಮೆಟ್ಟಿಲ ಕೆಳಗೆ ಎಂಥ ಭಾಗ್ಯ ಮಾರಾಯರೆ! ಬಂದವರೆಲ್ಲರ ಚಪ್ಪಲಿ, ಬಹುಪಾಲು ಕಪ್ಪು. ಗಂಡಸರ ಚಪ್ಪಲಿಗಳನ್ನು ದೇಹಕ್ಕೆ ಹಾಕಿದೆ, ಚೂಪಾದವನ್ನು ರೆಕ್ಕೆಗೆ ಹರಡಿದೆ. ಮಕ್ಕಳ ಬೂಟಿನಿಂದ ಕಾಲು ಮಾಡಿದೆ. ಎತ್ತರದ ಹಿಮ್ಮಡಿಯ ಒಂದು ಚಪ್ಪಲಿ ಕೊಕ್ಕಿಗೆಂದೇ ಹುಟ್ಟಿದ ಹಾಗಿತ್ತು. ಅಂಗಳದ ತುಂಬ ಗರುಡನ ಗಾತ್ರದ ಕಾಗೆ. ಮಾಳಿಗೆಗೆ ಓಡಿ ಮೇಲಿನಿಂದ ಫೋಟೋ ತೆಗೆಯುವುದಕ್ಕೂ ಒಳಗೆ ಮಂಗಳಾರತಿ ಆಗುವುದಕ್ಕೂ ಸರಿಹೋಯಿತು.

ಊಟ ಮುಗಿಸಿ ಹೊರಟವರು ಅಂಗಳದಲ್ಲಿ ನಿಂತೇಬಿಟ್ಟರು. ಸ್ವಲ್ಪ ಹೊತ್ತು ಮೆಚ್ಚಿದರು, ಆಮೇಲೆ ಹುಡುಕಲು ಸುರುಮಾಡಿದರು.

"ನನ್ನದು ಒಂದು ಎಡ ರೆಕ್ಕೆಯಲ್ಲಿ ಉಂಟು, ಇನ್ನೊಂದು ಬಾಲದಲ್ಲಿ!"

"ಹೊಟ್ಟೆಯಿಂದ ಎಳೆಯಬೇಡಿ ಮಾರಾಯರೆ, ಅದು ನನ್ನದು!"

ಪುರೋಹಿತರಿಗೆ ಇನ್ನೊಂದು ಮನೆಯಲ್ಲಿ ಪೂಜೆಯಿತ್ತು, ಆತುರ. ಕಾಗೆಯ ಸುತ್ತ ಪ್ರದಕ್ಷಿಣೆ ಬರುತ್ತಿದ್ದ ಅವರನ್ನು ಕಂಡು, "ಭಟ್ರೇ, ನಿಮ್ಮದು ಯಾವ ಭಾಗದಲ್ಲಿತ್ತು?" ಎಂದು ವಿನಯದಿಂದ ಕೇಳಿದೆ.

"ನಾನು ಬರುವಾಗ ಅದು ನನ್ನ ಕಾಲಿನಲ್ಲಿತ್ತು" ಎಂದರು ಭಟ್ಟರು.

ಬಿಳಿ ಕಾಗೆ

ಮದುವೆಯ ವಾರ್ಷಿಕೋತ್ಸವಕ್ಕೆ ಹೂ ತರಲು ಶಂಕರಪುರಕ್ಕೆ ಹೋಗಿದ್ದೆ. ಮಲ್ಲಿಗೆ ಎಲ್ಲಿಯೂ ಸಿಗುತ್ತದೆ, ಆದರೆ ಕಟ್ಟುವವರ ಮನೆಯಿಂದಲೇ ತಂದೆ ಎಂದರೆ ಅದರ ತೂಕ ಬೇರೆ. ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದ ಮನೆಯೊಡತಿ ಬಾಯಮ್ಮ ತಲೆಯೆತ್ತದೆ, "ಕೂತುಕೊಳ್ಳಿ, ಈಗ ಆಯಿತು" ಎಂದರು. ಬೆರಳು ಮಾತ್ರ ನಿಲ್ಲಲಿಲ್ಲ.

ಕೂತವನು ಸುಮ್ಮನೆ ಕೂರಬಹುದಿತ್ತು. ಎದುರಿನ ಬುಟ್ಟಿಯ ಮೊಗ್ಗುಗಳಲ್ಲಿ ಒಂದು ಮುಷ್ಟಿ ಕೇಳಿ ತೆಗೆದುಕೊಂಡು ಬಾಳೆಲೆಯ ಮೇಲೆ ಕಾಗೆ ಬಿಡಿಸಿದೆ. ಬಹಳ ಚಂದ ಬಂತು, ನಾನೇ ಹೇಳಬೇಕು.

ಬಾಯಮ್ಮ ಬಗ್ಗಿ ನೋಡಿದರು. "ಇದು ಎಂತದು? ಪಾರಿವಾಳವಾ?"

"ಕಾಗೆ."

"ಕಾಗೆ ಬಿಳಿ ಉಂಟಾ?"

ನಾನು ಬಿಡುತ್ತೇನೆಯೇ? "ವಯಸ್ಸಾದ ಕಾಗೆ. ನನ್ನ ಹಾಗೆ ರಿಟೈರ್ ಆಗಿದೆ" ಎಂದೆ.

ಬಾಯಮ್ಮ ಮೊದಲ ಸಲ ಕೈ ನಿಲ್ಲಿಸಿ, ನನ್ನ ತಲೆಯನ್ನು ಹಣೆಯಿಂದ ಕಿವಿಯ ತನಕ ನೋಡಿದರು.

"ಹಾಗಾದರೆ ಅದಕ್ಕೂ ನೀವು ಹಚ್ಚುವ ಡೈಯನ್ನೇ ಹಚ್ಚಿ. ಚಂದ ಕಪ್ಪಾಗುತ್ತದೆ."

ಹೇಳದೆ ಬರುವವರು

ನಮ್ಮ ಎದುರು ಫ್ಲ್ಯಾಟಿನಲ್ಲಿ ಒಬ್ಬರು ಅಜ್ಜಿ ಇದ್ದಾರೆ. ದೃಷ್ಟಿ ಸ್ವಲ್ಪ ಮಂದ, ಆದರೆ ಅಧಿಕಾರ ಮಂದವಿಲ್ಲ. ಅವರ ಅಡುಗೆಮನೆಯ ಕಿಟಕಿಗೆ ನಮ್ಮ ಬಾಲ್ಕನಿ ಕಾಣುತ್ತದೆ.

ಅವತ್ತು ಹೆಂಡತಿಯ ಹಳೆಯ ಕಪ್ಪು ಹ್ಯಾಂಡ್‌ಬ್ಯಾಗಿನಿಂದ ದೇಹ, ಪಾಲಿಶ್ ಬ್ರಶ್ಶಿನಿಂದ ತಲೆ, ನನ್ನ ಆಫೀಸಿನ ಕಾಲ್ಚೀಲದಿಂದ ಬಾಲ ಮಾಡಿ ಬಾಲ್ಕನಿಯ ಕಂಬಿಯ ಮೇಲೆ ಕೂರಿಸಿದ್ದೆ. ಮುಂದಿನದ್ದನ್ನು ಅಜ್ಜಿಯ ಸೊಸೆ ಆಮೇಲೆ ಹೇಳಿದ್ದು.

ಅಜ್ಜಿ ಕಿಟಕಿಯಲ್ಲಿ ನೋಡಿದವರೇ, "ಕಾಗೆ ಬಂದು ಕೂತಿದೆ. ನೆಂಟರು ಬರುತ್ತಾರೆ. ಅಕ್ಕಿ ಜಾಸ್ತಿ ಹಾಕು" ಎಂದರು.

ಸೊಸೆ, "ಅತ್ತೆ, ಕಾಗೆ ಕೂಗಿದರೆ ಅಲ್ವಾ ನೆಂಟರು ಬರುವುದು? ಅದು ಕೂಗಲೇ ಇಲ್ಲ" ಎಂದಳು.

"ಕೂಗಿದರೆ ಹೇಳಿ ಬರುವವರು. ಕೂಗದೆ ಕೂತರೆ ಹೇಳದೆ ಬರುವವರು. ಪಲ್ಯಕ್ಕೂ ಇನ್ನಷ್ಟು ತರಕಾರಿ ಹೆಚ್ಚು" ಎಂದರು ಅಜ್ಜಿ.

ಒಂದು ಗಂಟೆಯಾಯಿತು, ಯಾರೂ ಇಲ್ಲ. ಸೊಸೆ ದೊಡ್ಡ ಪಾತ್ರೆಯ ಅನ್ನವನ್ನೂ ಅತ್ತೆಯ ಮುಖವನ್ನೂ ನೋಡುತ್ತಿದ್ದಳು. ಅಷ್ಟರಲ್ಲಿ ಗಾಳಿ ಬೀಸಿ ನನ್ನ ಕಾಗೆಯ ಬಾಲ ಹಾರಿ ಅವರ ಕಿಟಕಿಯ ಸರಳಿಗೆ ಸಿಕ್ಕಿಕೊಂಡಿತು. ನಾನು ಕಾಲ್ಚೀಲ ಕೇಳಲು ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆಯಿತು. ಒಳಗಿನಿಂದ ಅಜ್ಜಿಯ ಗೆಲುವಿನ ಧ್ವನಿ: "ನೋಡಿದಿಯಾ? ಬಂದರಾ ಇಲ್ಲವಾ? ಎಲೆ ಹಾಕು!"

ಊಟದ ವಿಷಯದಲ್ಲಿ ನಾನು ಯಾರ ಮನಸ್ಸನ್ನೂ ನೋಯಿಸುವವನಲ್ಲ. ಅಲ್ಲಿ ಉಂಡೆ. ಮನೆಗೆ ಬಂದು, ಹೆಂಡತಿಯ ಮನಸ್ಸಿಗೂ ನೋವಾಗಬಾರದಲ್ಲ, ಇನ್ನೊಮ್ಮೆ ಉಂಡೆ.

ಹಿರಿಯಡ್ಕದಲ್ಲಿ ಕಾಗೆ ಬಾರದ ದಿನ

ಹೆಂಡತಿಯ ಅಕ್ಕನನ್ನು ಕೊಟ್ಟದ್ದು ಹಿರಿಯಡ್ಕಕ್ಕೆ. ಅವರ ಯಜಮಾನರು, ನಾನು ಭಾವ ಎಂದು ಕರೆಯುತ್ತಿದ್ದವರು, ಪೇಟೆಯಲ್ಲಿ ಅಂಗಡಿ ಇಟ್ಟಿದ್ದರು. ಮಧ್ಯಾಹ್ನ ಅಂಗಡಿಯಲ್ಲಿ ಯಾರಿದ್ದರೂ ಸರಿ, ಮೊಳೆ ಕೊಳ್ಳಲು ಬಂದವರಾಗಲಿ, ಬಸ್ಸು ಕಾಯುವವರಾಗಲಿ, "ಬನ್ನಿ, ಊಟ ಮಾಡಿಯೇ ಹೋಗುವಾ" ಎಂದು ಮನೆಗೆ ಕರೆದುಕೊಂಡು ಬರುತ್ತಿದ್ದರು. ಅತ್ತಿಗೆಗೆ ಗೊತ್ತಾಗುತ್ತಿದ್ದದ್ದು ಅಂಗಳದಲ್ಲಿ ಚಪ್ಪಲಿಯ ಸದ್ದು ಕೇಳಿದಾಗ. ತುಂಬು ಬಾಳು ಬಾಳಿ, ನಿದ್ದೆಯಲ್ಲೇ ಹೋದರು. ಅವರ ಉತ್ತರಕ್ರಿಯೆಯ ದಿನದ ಕಥೆ ಇದು.

ಹೊರಡುವಾಗಲೇ ಹೆಂಡತಿ ಎಚ್ಚರಿಸಿದ್ದಳು. "ಅಲ್ಲಿ ಯಾರ ಚಪ್ಪಲಿಯನ್ನೂ ಮುಟ್ಟಬಾರದು."

"ಹಾಗಾದರೆ ಇವತ್ತಿಗೆ ರಿಯಾಯಿತಿ ಉಂಟಾ?"

"ರಿಯಾಯಿತಿ ಇಲ್ಲ. ಸೆಕ್ರೆಟರಿ ಹುದ್ದೆ ಉಂಟು."

ಮಧ್ಯಾಹ್ನವಾಯಿತು. ಭಾವನಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ ಹಿತ್ತಿಲ ಪಾಗಾರದ ಗೋಡೆಯ ಮೇಲೆ ಇಟ್ಟರು. ಕಾಗೆ ಬಂದು ಮುಟ್ಟದೆ ಮನೆಯವರಿಗಾಗಲಿ ನೆಂಟರಿಗಾಗಲಿ ಬಡಿಸುವ ಹಾಗಿಲ್ಲ. ಕಾಗೆ ಬರಲಿಲ್ಲ. ಒಂದೂ ಬರಲಿಲ್ಲ.

ದೊಡ್ಡ ಮಗ ಕೈಮುಗಿದು, "ಅಪ್ಪಾ, ಅಂಗಡಿ ಮುಚ್ಚುವುದಿಲ್ಲ" ಎಂದ. ಕಾಗೆ ಇಲ್ಲ. ಚಿಕ್ಕ ಮಗ, "ಅಪ್ಪಾ, ನಿಮ್ಮ ಹಳೇ ಸ್ಕೂಟರನ್ನು ಗುಜರಿಗೆ ಹಾಕುವುದಿಲ್ಲ" ಎಂದ. ಇಲ್ಲ. ಹಸಿದ ನೆಂಟರು ತಾವೇ ಮುಂದೆ ಬಂದು ಮಕ್ಕಳ ಪರವಾಗಿ ಏನೇನೋ ಮಾತು ಕೊಡತೊಡಗಿದರು.

ಅಷ್ಟೂ ಜನರಲ್ಲಿ, ಕಾಗೆ ಇನ್ನು ಸ್ವಲ್ಪ ತಡವಾಗಿ ಬರಲಿ ಎಂದು ಪ್ರಾರ್ಥಿಸುತ್ತಿದ್ದವನು ನಾನೊಬ್ಬನೇ. ಅದು ಬಂದರೆ ಊಟ. ಊಟ ಬಡಿಸಿದರೆ ನನ್ನ ಕಥೆ ಮುಗಿಯಿತು. ಆಗ ಫೋನು ಬಂತು, ಅಧ್ಯಕ್ಷರದ್ದು. ಧ್ವನಿಯಲ್ಲಿ ಸಂಭ್ರಮ.

"ಸರ್, ಇವತ್ತು ಕಾಗೆ ಕಾಣಲೇ ಇಲ್ಲ?"

"ಇಲ್ಲಿಯೂ ಅದೇ ಸಮಸ್ಯೆ" ಎಂದು ಹೇಳಿ ಇಟ್ಟೆ.

ಒಳಗೆ ಗೋಡೆಯ ಮೊಳೆಯಲ್ಲಿ ಭಾವನ ಹಳೆಯ ಕಪ್ಪು ಕೊಡೆ ನೇತಾಡುತ್ತಿತ್ತು, ಒಂದು ಕಡ್ಡಿ ಮುರಿದದ್ದು. ಪಕ್ಕದಲ್ಲಿ ಅವರ ಅಡಕತ್ತರಿ. ಅತ್ತಿಗೆಯನ್ನು ಕೇಳಿದೆ. "ತೆಗೆದುಕೊಳ್ಳಿ. ನಿಮ್ಮ ಕಾಗೆಯೆಂದರೆ ಅವರಿಗೂ ಇಷ್ಟವಲ್ವಾ" ಎಂದರು. ಕೊಡೆಯನ್ನು ಅರ್ಧ ಬಿಡಿಸಿ ರೆಕ್ಕೆ ಮಾಡಿದೆ, ಬಾಗಿದ ಹಿಡಿಯನ್ನು ಕತ್ತು ಮಾಡಿದೆ, ಅಡಕತ್ತರಿಯನ್ನು ಕೊಕ್ಕಾಗಿ ಸಿಕ್ಕಿಸಿದೆ. ಎಲೆಯಿಂದ ಸ್ವಲ್ಪ ದೂರದಲ್ಲಿ ಪಾಗಾರದ ಮೇಲೆ ಕೂರಿಸಿದೆ. ಆಹಾ, ಏನು ಗತ್ತು! ಫೋನು ತೆಗೆಯುವಷ್ಟರಲ್ಲಿ ಗಾಳಿ ಬಂತು. ನನ್ನ ಕಾಗೆ ಅಲ್ಲೇ ಅಂಗಾತ ಬಿದ್ದು, ಕಡ್ಡಿಗಳನ್ನು ಆಕಾಶಕ್ಕೆ ಚಾಚಿ, ಒಂದು ರೆಕ್ಕೆ ಇಳಿಬಿಟ್ಟು ಮಲಗಿತು.

ಸತ್ತ ಕಾಗೆಯನ್ನು ಕಂಡರೆ ಉಳಿದವು ಏನು ಮಾಡುತ್ತವೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ತೆಂಗಿನ ಮರದ ಮೇಲಿಂದ ಒಂದು ಕೂಗಿತು. ಹಲಸಿನ ಮರದಿಂದ ಉತ್ತರ ಬಂತು. ಆಮೇಲೆ ನಾಲ್ಕು ದಿಕ್ಕಿನಿಂದ ಕಾಗೆಯೋ ಕಾಗೆ! ಪಾಗಾರ ಕಪ್ಪಾಯಿತು. ನನ್ನ ಕಾಗೆಗೆ ಸಂತಾಪ ಹೇಳಲು ಬಂದವು ಪಕ್ಕದ ಎಲೆಯನ್ನು ಕಂಡವು. ಹೋಳಿಗೆ, ವಡೆ, ಪಾಯಸ, ಒಂದನ್ನೂ ಬಿಡಲಿಲ್ಲ.

ಎಲ್ಲರೂ ಬಾಯಿ ತೆರೆದು ನಿಂತಿದ್ದರು. ಅತ್ತಿಗೆ ಮಾತ್ರ ಸೆರಗಿನಲ್ಲಿ ಕಣ್ಣೊರಸಿಕೊಂಡು, ಸೊಂಟಕ್ಕೆ ಕೈಯಿಟ್ಟು, ಪಾಗಾರದ ಕಡೆಗೆ ನೋಡಿ ಹೇಳಿದರು:

"ನೋಡಿ ಇವರನ್ನು! ಬದುಕಿದ್ದಾಗಲೂ ಒಂದು ದಿನ ಒಬ್ಬರೇ ಊಟಕ್ಕೆ ಬಂದವರಲ್ಲ. ಇವತ್ತೂ ಹೇಳದೆ ಕೇಳದೆ ಇಡೀ ಪೇಟೆಯನ್ನೇ ಕರೆದುಕೊಂಡು ಬಂದಿದ್ದಾರೆ!"

ಮನೆಯ ತುಂಬ ನಗು. ಅಳುತ್ತಿದ್ದ ಮಕ್ಕಳೂ ನಕ್ಕರು. ಆ ಗದ್ದಲದಲ್ಲೇ ಫೋಟೋ ತೆಗೆದು, ಮೊದಲ ಎಲೆಗೆ ಉಪ್ಪು ಬೀಳುವ ಮೊದಲೇ ಅಧ್ಯಕ್ಷರಿಗೆ ಕಳಿಸಿದೆ. ಅವರಿಂದ ಬಂದದ್ದು ಬರೀ ಎರಡು ಮುಗಿದ ಕೈ. ಸೆಕ್ರೆಟರಿ ಹುದ್ದೆ ಇವತ್ತಿಗೂ ಖಾಲಿ ಉಂಟು.

ಆದರೆ ಕೊನೆಯ ತೀರ್ಪು ಹೆಂಡತಿಯದ್ದು. ಊಟದ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಕೂತಿದ್ದ ನನ್ನ ಹತ್ತಿರ ಬಂದು, ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇಷ್ಟು ಕಾಗೆಗಳಲ್ಲಿ ನೀವು ಮಾಡಿದ್ದು ಯಾವುದು?"

ಕಲಾವಿದನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಾ? ಎದೆಯುಬ್ಬಿಸಿ ಬೆರಳು ತೋರಿಸಿದೆ. "ಉಳಿದವೆಲ್ಲ ಎಲೆಗೆ ಮುತ್ತಿದರೂ ಏಳದೆ ಮಲಗಿದೆಯಲ್ಲ, ಅದು."

"ಊಟ ಬಡಿಸಿದರೂ ಏಳಲಿಲ್ಲವಾ?" ಎಂದಳು ಹೆಂಡತಿ. "ಹಾಗಾದರೆ ಅದು ಖಂಡಿತ ನಿಮ್ಮದಲ್ಲ."