ಏಳೆಲೆ ಕಳೆಯೂ ಪೂರ್ಣ ಎಚ್ಚರಿಕೆಯೂ

ನನ್ನ ಗಂಡ ಬೆರೆಂಡ್ ಹೇಡಿ. ಇದು ಕೋಪದ ಮಾತಲ್ಲ, ದೀರ್ಘ ಅಧ್ಯಯನದ ಫಲಿತಾಂಶ. ಪಕ್ಕದ ತೋಟದ ಕೋಸ್‌ಗೆ, "ನಿನ್ನ ಕೋಳಿ ಕೂಡಿಹಾಕಯ್ಯ, ಇಲ್ದಿದ್ರೆ..." ಎನ್ನುತ್ತಾನೆ, ಅಲ್ಲಿಗೇ ನಿಲ್ಲಿಸಿ ಅವನಿಗೆ ಕಾಫಿ ಬಗ್ಗಿಸುತ್ತಾನೆ. ಇಲ್ಲದಿದ್ದರೆ ಏನು? ಕೋಸ್‌ಗೂ ಗೊತ್ತಿಲ್ಲ, ಕೋಳಿಗೂ ಗೊತ್ತಿಲ್ಲ.

ನಾನಾದರೋ ವಿಶ್ವವಿದ್ಯಾಲಯದಲ್ಲಿ ವ್ಯಾಕರಣ ಕಲಿಸಿ ನಿವೃತ್ತಳಾದವಳು. ನಮ್ಮ ಡಚ್ ಭಾಷೆಯಲ್ಲಿ ಎಚ್ಚರಿಕೆಗೆ ಎರಡು ಕಾಲು: ಮೊದಲು ಆಜ್ಞೆ, ಆಮೇಲೆ ಫಲ. ನಡುವೆ "ಇಲ್ಲದಿದ್ದರೆ" ಬಂದರೆ ಸಾಕು, ಕ್ರಿಯಾಪದ ಕರ್ತೃವಿಗೂ ಕಾಯದೆ ಆ ಪದದ ಬೆನ್ನಿಗೇ ಬಂದು ನಿಲ್ಲುತ್ತದೆ. (ಶಿಕ್ಷೆಗೆ ಅಷ್ಟು ಅವಸರ!) ಹೇಳಿದ ಫಲವನ್ನು ಕೊಡಲಾಗದವರು ಎಚ್ಚರಿಸಲೇಬಾರದು ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದೆ.

ಅದನ್ನು ಚೆನ್ನಾಗಿ ಕಲಿತ ಫೆಮ್ಕೆ ಈಗ ನಮಗೆ ಈ ತೋಟ ಬಾಡಿಗೆಗೆ ಕೊಟ್ಟಿರುವ ತೋಟಗಾರರ ಸಂಘದ ಅಧ್ಯಕ್ಷೆ. "ಮೇಡಂ, ಶನಿವಾರ ಮುಗಿಯೋದ್ರೊಳಗೆ ಈ ಏಳೆಲೆ ಕಳೆ ಕೀಳಿ. ಇಲ್ದಿದ್ರೆ ತೋಟ ಬೇರೆಯವರಿಗೆ ಹೋಗುತ್ತೆ," ಎಂದಳು. ವಾಕ್ಯದಲ್ಲಿ ತಿದ್ದಲು ಏನೂ ಇರಲಿಲ್ಲ, ಅದೇ ಸಂಕಟ.

"ಕಿತ್ತುಬಿಡೋಣ ಕಣೆ," ಎಂದ ಬೆರೆಂಡ್.

"ಕೋಸ್‌ನ ಬೇಲಿ ನುಸುಳಿ ಬಂದ ಕಳೆ ಅದು. ನಾವು ಕಿತ್ತರೆ ತಪ್ಪು ಒಪ್ಪಿಕೊಂಡ ಹಾಗೆ. ಒಂದು ಬೇರು ಕಿತ್ತರೂ ಒಂದು ವಾರ ನಿನ್ನ ಹತ್ರ ಮಾತಾಡಲ್ಲ!"

"ನನ್ನ ಸೇಬಿನ ಮರ ಹೋಗುತ್ತಲ್ಲೇ..."

"ಹೋಗಲ್ಲ. ನಾನು ವಾದಿಸ್ತೀನಿ."

ಮದುವೆಯಾದ ವರ್ಷ ತಾನೇ ನೆಟ್ಟ ಮರ. ಆದರೂ ಹೇಡಿ ಗುದ್ದಲಿ ಕೆಳಗಿಟ್ಟ.

ಮನೆಗೆ ಬಂದ ಮೇಲೆ ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಪರದೆ ಎಳೆದೆ, ಮತ್ತೆ ಸರಿಸಿದೆ. ಬಟಾಣಿ ಸಾರು ತಳ ಹಿಡಿಯಿತು (ಅದಕ್ಕೂ ಕೋಸ್‌ನೇ ಕಾರಣ). ಸೈಕಲ್ ತುಳಿದು ತೋಟಕ್ಕೆ ಹೋಗಿ ನೋಡಿದರೆ ಕಳೆ ಇನ್ನೊಂದು ಗೇಣು ಮುಂದೆ ಬಂದಿತ್ತು.

ಶನಿವಾರ ಮಧ್ಯಾಹ್ನ ಫೆಮ್ಕೆ ಸಮಿತಿಸಮೇತ ಬಂದಳು. ನಾನು ಕಳೆಯ ವಂಶಾವಳಿಯಿಂದಲೇ ವಾದ ಆರಂಭಿಸಿದೆ.

"ಮೇಡಂ, ವಾದ ಬೇಡ. ಗೇಟಿನ ಬೀಗದ ಕೈ ಒಪ್ಪಿಸೋಕೆ ಸಿದ್ಧ ಇಟ್ಟುಕೊಳ್ಳಿ," ಎಂದಳು.

ಬೆರೆಂಡ್ ಸೇಬಿನ ಮರದಡಿಯಿಂದ ಎದ್ದು ಬಂದ. ನನ್ನ ಮುಖವನ್ನೇ ನೋಡುತ್ತ ಬಗ್ಗಿ, ಉದ್ದನೆಯ ಬೇರೊಂದನ್ನು ಎಳೆದು ಮಣ್ಣು ಕೊಡವಿದ.

"ಶನಿವಾರ ಇನ್ನೂ ಮುಗಿದಿಲ್ಲ ತಾನೇ, ಫೆಮ್ಕೆ?"

"ಕತ್ತಲಾಗೋವರೆಗೂ ಇದೆ."

"ಬೇರಿಗೊಂದು ವಾರವೋ, ಎಲ್ಲಾ ಸೇರಿ ಒಂದೇ ವಾರವೋ, ಲಿಸ್ಬೆತ್?"

ಇಡೀ ಸಮಿತಿ ನನ್ನ ಕಡೆ ತಿರುಗಿತು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಶಿಕ್ಷೆ ಆಗಲೇ ಜಾರಿಗೆ ಬಂದಿತ್ತು.

ಬೆರೆಂಡ್ ಒಂದು ಕ್ಷಣ ಕಾದ. ಆಮೇಲೆ ಅಂಗಿಯ ತೋಳು ಮಡಚಿ, ಎರಡನೆಯ ಬೇರಿಗೆ ಕೈ ಹಾಕಿದ.