ರೈಲಿನ ಭೂತದ ಗೂನು

ಪೀಣ್ಯದಿಂದ ಮಾದಾವರದ ಕಡೆ ಹೊರಟ ಸಂಜೆಯ ಮೆಟ್ರೋದಲ್ಲಿ, ನಿಂತಲ್ಲೇ ಅರ್ಧ ನಿದ್ದೆ ಮಾಡುತ್ತಿದ್ದ ಜನರ ನಡುವೆ, ಸಂಗಮೇಶನ ಅಂಗೈಯಿಂದ ಒಂದು ಭೂತ ಘರ್ಜಿಸಿತು.

ತಪ್ಪು ಭೂತದ್ದಲ್ಲ, ಇಯರ್‌ಫೋನಿನದು. ಚಾರ್ಜ್ ಮುಗಿದು ಅದು ಕಿವಿಯೊಳಗೇ ಕೊನೆಯುಸಿರೆಳೆದಿತ್ತು. ನೋಡುತ್ತಿದ್ದ ಸಿನಿಮಾ ಯಾಕೆ ನಿಂತಿತೆಂದು ಇವನು ಮೊಬೈಲು ಒತ್ತಿದ್ದೇ ತಡ, ಐವತ್ತು ವರ್ಷ ಹಳೆಯ ಕಪ್ಪುಬಿಳುಪು ಭೂತ ಬೋಗಿಯ ಈ ತುದಿಯಿಂದ ಆ ತುದಿಯವರೆಗೆ ಅರಚಿಕೊಂಡಿತು. ಸೊಪ್ಪಿನ ಚೀಲ ಹಿಡಿದಿದ್ದ ಹೆಂಗಸು ಬೆಚ್ಚಿಬಿದ್ದಳು. ಪಕ್ಕದಲ್ಲಿ ಹೆಲ್ಮೆಟ್ ತಬ್ಬಿಕೊಂಡು ತೂಕಡಿಸುತ್ತಿದ್ದವನು ಕಣ್ಣನ್ನು ಪೂರ್ತಿ ತೆರೆಯುವ ಕಷ್ಟವನ್ನೂ ತೆಗೆದುಕೊಳ್ಳದೆ ಹೇಳಿದ, “ಸಾರ್, ಕೋಳಿ ತಗೊಂಡು ಮೆಟ್ರೋ ಹತ್ತಂಗಿಲ್ಲ.”

ಕೋಳಿ! ಇಷ್ಟು ವರ್ಷ ತಾನು ಸಿಂಹಗರ್ಜನೆ ಎಂದು ಪೂಜಿಸಿಕೊಂಡು ಬಂದದ್ದನ್ನು ಒಬ್ಬ ಅರೆನಿದ್ದೆಯ ಮನುಷ್ಯ ಕೋಳಿಯ ಲೆಕ್ಕಕ್ಕೆ ಹಚ್ಚಿಬಿಟ್ಟನಲ್ಲ! ಮಾದಾವರದಲ್ಲಿ ಇಳಿದು, ಷೇರ್ ಆಟೋದಲ್ಲಿ ಡ್ರೈವರನ ಪಕ್ಕ ಅರ್ಧ ಸೀಟು, ಅರ್ಧ ಗಾಳಿಯ ಮೇಲೆ ಕೂತು ಮಾದನಾಯಕನಹಳ್ಳಿ ತಲುಪುವಷ್ಟರಲ್ಲಿ ಅವನೊಂದು ಭೀಷ್ಮಪ್ರತಿಜ್ಞೆ ಮಾಡಿ ಮುಗಿಸಿದ್ದ. ಈ ಸಿನಿಮಾವನ್ನು ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವುದು. ಅದರ ಒಳಾರ್ಥವನ್ನು ಲೋಕಕ್ಕೆ ತಿಳಿಸಿಯೇ ತೀರುವುದು. ಲೋಕ ಎಂದರೆ ಸದ್ಯಕ್ಕೆ ಎ ಬ್ಲಾಕ್ ಮತ್ತು ಬಿ ಬ್ಲಾಕ್.

ಹಗಲೆಲ್ಲ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಎಲ್ಲಿ ಸೋರುತ್ತದೆಂದು ಹುಡುಕುವುದು ಸಂಗಮೇಶನ ಉದ್ಯೋಗ. ಸಂಜೆ ಮನೆಗೆ ಬಂದರೆ ಸೋರುವುದು ಅವನ ಶಕ್ತಿಯೇ. ಆ ಸುಸ್ತಿಗೆ ಅವನು ಕಂಡುಕೊಂಡ ಏಕಮಾತ್ರ ಔಷಧ ಈ ಸಿನಿಮಾ. ಹೆಸರು ಹೇಳಿದರೂ ಯಾರಿಗೂ ನೆನಪಾಗುವುದಿಲ್ಲವಾದ್ದರಿಂದ ಹೇಳಿ ಪ್ರಯೋಜನವಿಲ್ಲ. ಕಥೆ ಇಷ್ಟೇ: ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ಮೀಟರ್‌ಗೇಜ್ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ಒಂದು ಭೂತ ಸೇರಿಕೊಂಡಿರುತ್ತದೆ. ಮೈತುಂಬ ಕರಡಿಯಂಥ ಕೂದಲು, ಬೆನ್ನ ಮೇಲೆ ಬೆಟ್ಟದಂಥ ಗೂನು. ಸ್ಟೇಷನ್ನಿಗೊಬ್ಬರಂತೆ ಪ್ರಯಾಣಿಕರನ್ನು ಅದು ಮುಗಿಸುತ್ತ ಹೋಗುತ್ತದೆ. ಟಿಕೆಟ್ ಇದ್ದವರು, ಇಲ್ಲದವರು ಎಂಬ ಭೇದ ಅದಕ್ಕಿಲ್ಲ.

ಸಂಗಮೇಶನ ಮಹಾಸಂಶೋಧನೆ ಇದ್ದದ್ದು ಆ ಗೂನಿನಲ್ಲಿ. ಯಶವಂತಪುರದಲ್ಲಿ ಬೆಟ್ಟದಂತಿದ್ದ ಗೂನು ತುಮಕೂರಿನ ಹೊತ್ತಿಗೆ ಗುಡ್ಡ, ಅರಸೀಕೆರೆಯಲ್ಲಿ ದಿಬ್ಬ, ದಾವಣಗೆರೆಯಲ್ಲಿ ಬಟಾಬಯಲು! ನೋಡಿದವರಾರೂ ಇದನ್ನು ಗಮನಿಸಿರಲಿಲ್ಲ. ನೋಡಿದವರೇ ಇರಲಿಲ್ಲ ಎನ್ನುವುದು ಬೇರೆ ಮಾತು. ಗೂನೆಂದರೆ ಸೇಡಿನ ಹೊರೆ, ಒಂದೊಂದು ಕೊಲೆಗೂ ಅದು ಇಳಿಯುತ್ತ ಹೋಗುತ್ತದೆ ಎಂಬುದು ಅವನ ಸಿದ್ಧಾಂತ. ಆದರೆ ಕೊನೆಯ ದೃಶ್ಯದಲ್ಲಿ, ನಾಯಕಿಯನ್ನು ಬಾಗಿಲಿಗೆ ಎಳೆತಂದಾಗ, ಗೂನು ಇದ್ದಕ್ಕಿದ್ದಂತೆ ಮೊದಲಿಗಿಂತ ದೊಡ್ಡದಾಗಿ ಉಬ್ಬಿಕೊಳ್ಳುತ್ತದೆ. ಭೂತ ಅವಳನ್ನು ಬಿಟ್ಟುಬಿಡುತ್ತದೆ. ಅದು ಪಶ್ಚಾತ್ತಾಪದ ಭಾರ! ಇದನ್ನು ವಿವರಿಸುವಾಗಲೆಲ್ಲ ಸಂಗಮೇಶನ ಗಂಟಲು ತುಂಬಿ ಬರುತ್ತಿತ್ತು. ಕೇಳುವವರಿಗೆ ಆಕಳಿಕೆ ಬರುತ್ತಿತ್ತು.

ಮನೆಯಲ್ಲಿ ಈ ಸಿದ್ಧಾಂತಕ್ಕೊಂದು ದೇಗುಲವೂ ಇತ್ತು. ಹಾಲಿನ ಗೋಡೆಯುದ್ದದ ಕಪಾಟಿನ ತುಂಬ ಹಳೆಯ ಭಯಾನಕ ಚಿತ್ರಗಳ ಡಿಸ್ಕುಗಳು, ಸುರುಳಿ ಸುತ್ತಿದ ಪೋಸ್ಟರುಗಳು. ಆ ಕಪಾಟಿನ ಮೇಲೆ ಹೆಂಡತಿ ಸೌಮ್ಯಾಳ ಕಣ್ಣು ಬಹಳ ದಿನದಿಂದ ಇತ್ತು. ಕಾರಣ, ರೊಟ್ಟಿ.

ಸೌಮ್ಯಾಳ ತವರು ಹಾವೇರಿ. ಇವರು ಸಂಗಮೇಶನ ಊರು ಹುಬ್ಬಳ್ಳಿಯಿಂದ ರೈಲಿನಲ್ಲಿ ವಾಪಸು ಬರುವಾಗಲೆಲ್ಲ ಅವಳ ತಾಯಿ ಹಾವೇರಿ ಸ್ಟೇಷನ್ನಿಗೆ ಬಂದು, ರೈಲು ನಿಲ್ಲುವ ಅಷ್ಟರೊಳಗೇ ಬೋಗಿ ಹುಡುಕಿ, ಕಿಟಕಿಯ ಬಳಿ ನಿಂತು ಅಳಿಯನ ಹೆಸರನ್ನು ಇಡೀ ಪ್ಲಾಟ್‌ಫಾರಮ್ಮಿಗೆ ಕೇಳಿಸುವಂತೆ ಕೂಗಿ, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಒಳಗೆ ದಾಟಿಸುತ್ತಿದ್ದರು. ಸಂಗಮೇಶ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಬೇರೆ ಯಾರದೋ ಅಳಿಯನಂತೆ ಕೂರುತ್ತಿದ್ದ. ಹೀಗೆ ಬಂದ ರೊಟ್ಟಿ ಫ್ರಿಜ್ಜಿನ ಮೇಲೆ, ವಾಷಿಂಗ್ ಮೆಷೀನಿನ ಮೇಲೆ, ಒಮ್ಮೆಯಂತೂ ಅವನ ಲ್ಯಾಪ್‌ಟಾಪ್ ಚೀಲದಲ್ಲೂ ವಾಸ ಮಾಡುತ್ತಿತ್ತು.

ಸಿನಿಮಾ ಪ್ರದರ್ಶನದ ಸುದ್ದಿ ಕೇಳಿ ಸೌಮ್ಯಾ ನಿಟ್ಟುಸಿರಿಟ್ಟಳು. ದಿನಾ ರೈಲು ಬಿಡುವ ಗಂಡ ಈಗ ರೀಲೂ ಬಿಡುತ್ತಾನೆಂದು ಮಗಳು ಸ್ಫೂರ್ತಿಗೆ ಹೇಳಿದಳು. ಪಿಯುಸಿ ಓದುವ ಸ್ಫೂರ್ತಿ ಪುಸ್ತಕದಿಂದ ತಲೆಯೆತ್ತದೆ, ಆ ಭೂತಕಾಲದ ಭೂತವನ್ನು ನೋಡಲು ವರ್ತಮಾನದಲ್ಲಿ ಯಾರು ಬರುತ್ತಾರೆ ಎಂದು ಕೇಳಿದಳು.

ಆ ಪ್ರಶ್ನೆ ಸಂಗಮೇಶನಿಗೆ ನಾಟಿತು. ಸರಿ, ಜನ ಬರಬೇಕೆಂದರೆ ಭೂತವನ್ನೇ ಕರೆಸಬೇಕು! ಟೈಟಲ್ಲಿನಲ್ಲಿ ಎಲ್ಲರಿಗಿಂತ ಕೆಳಗೆ, ಮಿಣುಕುವ ಅಕ್ಷರದಲ್ಲಿ, ‘ಭೂತ: ನಿಂಗಪ್ಪ’ ಎಂದಿತ್ತು. ಯಾವ ನಿಂಗಪ್ಪ, ಎಲ್ಲಿಯ ನಿಂಗಪ್ಪ? ಸಿಕ್ಕಸಿಕ್ಕವರನ್ನೆಲ್ಲ ವಿಚಾರಿಸುತ್ತ ಹೋದಾಗ ಕಾರ್ಖಾನೆಯ ಹಿರಿಯರೊಬ್ಬರು ಸುಳಿವು ಕೊಟ್ಟರು. ಜಾಲಹಳ್ಳಿಯ ಸರ್ಕಾರಿ ಫ್ಯಾಕ್ಟರಿಯಲ್ಲಿದ್ದ ಆಜಾನುಬಾಹು ಕಬಡ್ಡಿ ಆಟಗಾರ, ಒಮ್ಮೆ ರಜೆ ಹಾಕಿ ಯಾವುದೋ ಸಿನಿಮಾಕ್ಕೆ ಹೋಗಿ ಬಂದಿದ್ದರಂತೆ. ಈಗ ನಿವೃತ್ತರಾಗಿ ಅಲ್ಲೇ ಇದ್ದಾರಂತೆ.

ಭೂತ ಅಷ್ಟು ಹತ್ತಿರದಲ್ಲಿತ್ತು! ದಿನವೂ ಮೆಟ್ರೋದಲ್ಲಿ ಅದರ ಮನೆಯ ಪಕ್ಕದಿಂದಲೇ ಇವನು ಹಾದುಹೋಗುತ್ತಿದ್ದ.

ಭಾನುವಾರ ಸಂಗಮೇಶ ಹಣ್ಣು ಹಿಡಿದುಕೊಂಡು ಜಾಲಹಳ್ಳಿಗೆ ಹೋದ. ಬಾಗಿಲು ತೆರೆದವರು ಹಣೆಗೆ ವಿಭೂತಿ ಹಚ್ಚಿದ್ದ, ಬಾಗಿಲಿನ ಎತ್ತರಕ್ಕೆ ತಲೆ ತಗ್ಗಿಸಿದ ಮುದುಕರು. ಮಂಡಿನೋವಿನಿಂದ ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಯೋಚನೆ ಮಾಡುತ್ತಿದ್ದರು. ಒಂದು ಕಾಲದಲ್ಲಿ ಓಡುವ ರೈಲಿನ ಮಾಡಿನ ಮೇಲೆ ನಡೆದ ಕಾಲುಗಳು! ಸಂಗಮೇಶ ಆ ಕಾಲಿಗೇ ನಮಸ್ಕರಿಸಿದ. ನಿಂಗಪ್ಪನವರು ಗಾಬರಿಯಾಗಿ ಹೆಂಡತಿಯನ್ನು ಕರೆದರು. ಒಳಗಿನಿಂದ ಬಂದ ಗೌರಮ್ಮ ವಿಷಯ ಕೇಳಿ, ಆ ಸಿನಿಮಾ ನೋಡಿದವರೂ ಇದ್ದಾರಾ ಎಂದು ಕನಿಕರದಿಂದ ಕೇಳಿ ಚಹಾ ಇಟ್ಟರು.

ಕಾರ್ಯಕ್ರಮಕ್ಕೆ ಬರಲು ನಿಂಗಪ್ಪನವರದು ಒಂದೇ ಷರತ್ತು. ಊಟ ತಡವಾಗಬಾರದು. ಸಂಗಮೇಶ ಒಪ್ಪಿ, ಆ ಗೂನಿನ ಮಾತು ತೆಗೆದ. ಮುದುಕರ ಮುಖದಲ್ಲಿ ಮೊದಲ ಸಲ ಸ್ವಲ್ಪ ಜೀವ ಬಂತು.

“ಗೂನು ಅಂದ್ರ... ಅದು ಏನಾತಪಾ ಅಂದ್ರ...”

“ಬ್ಯಾಡ್ರಿ ಸರ್!” ಸಂಗಮೇಶ ಎರಡೂ ಕೈ ಮುಂದೆ ಚಾಚಿ ತಡೆದ. “ಇಲ್ಲಿ ಹೇಳಬ್ಯಾಡ್ರಿ. ಎಲ್ಲಾರ ಮುಂದ, ಸ್ಟೇಜಿನ ಮ್ಯಾಲೇ ಹೇಳ್ರಿ.”

ನಿಂಗಪ್ಪನವರು ಹೆಂಡತಿಯ ಮುಖ ನೋಡಿದರು. ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಾವುಕರಾಗಿದ್ದಾರೆ ಎಂದು ಸಂಗಮೇಶ ಅಂದುಕೊಂಡ.

ಮನೆಗೆ ಬಂದು ಅವನು ಆಡಿದ ಜಂಬದ ಮಾತಿಗೆ ಲೆಕ್ಕವಿರಲಿಲ್ಲ. ಕೇಳಿ ಕೇಳಿ ಸೌಮ್ಯಾ ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಟೀಪಾಯಿಯ ಮೇಲೆ ಇಟ್ಟಳು. ಇಡಲು ಬೇರೆ ಜಾಗವೂ ಇರಲಿಲ್ಲ.

“ನೋಡ್ರಿ, ನನಗೂ ಸಾಕಾಗೇತಿ, ನಿಮಗೂ ಸಾಕಾಗೇತಿ. ಒಂದು ಮಾತು ಮುಗಿಸಿಬಿಡೋಣು. ನೀವು ಹೇಳೋ ಅರ್ಥ ಖರೇ ಅಂತ ಆ ಭೂತದ ಬಾಯಿಂದನ ಬಂದ್ರ ಕಪಾಟು ನಿಮ್ಮದು, ನಾ ಮತ್ತ ಉಸಿರೆತ್ತಂಗಿಲ್ಲ. ಬರಲಿಲ್ಲಂದ್ರ ಕಪಾಟು ರೊಟ್ಟೀದು.”

“ಆತು,” ಎಂದ ಸಂಗಮೇಶ, ಕುರುಕ್ಷೇತ್ರಕ್ಕೆ ಹೊರಟವನ ಗತ್ತಿನಲ್ಲಿ. ಆ ಕಪಾಟು ಹೋದರೆ ಅವನ ಭೂತಗಣಗಳೆಲ್ಲ ಬೀದಿಪಾಲು. ಆದರೆ ಸೋಲುವ ಮಾತೇ ಇರಲಿಲ್ಲವಲ್ಲ!

ಶನಿವಾರ ಸಂಜೆ ಸಭಾಂಗಣದಲ್ಲಿ ಅಂದುಕೊಂಡಿದ್ದಕ್ಕಿಂತ ಹೆಚ್ಚು ಜನ ಸೇರಿದರು. ಅಸೋಸಿಯೇಷನ್ ಕಾರ್ಯದರ್ಶಿ ವಿನಾಯಕ್ ಬುದ್ಧಿವಂತ. ಸೂಚನೆಯಲ್ಲಿ ‘ಎಸಿ ಇರುತ್ತದೆ’ ಎಂದು ಬರೆದಿದ್ದ. ವಾರವಿಡೀ ತುಮಕೂರು ರಸ್ತೆಯ ಲಾರಿಗಳ ಹಿಂದೆ ಹೊಗೆ ಕುಡಿದು ದಣಿದ ಜನ ತಂಪಾದ ಕತ್ತಲೆಯಲ್ಲಿ ಕೂತರು. ಭೂತ ಮೊದಲ ಬಲಿ ತೆಗೆದುಕೊಳ್ಳುವ ಮುಂಚೆಯೇ ಎ ಬ್ಲಾಕ್ ನಿದ್ದೆಗೆ ಬಲಿಯಾಗಿತ್ತು. ತಿಪಟೂರು ದಾಟುವಷ್ಟರಲ್ಲಿ ಬಿ ಬ್ಲಾಕೂ ಹಿಂಬಾಲಿಸಿತು. ನಾಯಕಿ ಕಿರುಚಿದಾಗ ಕೆಲವರು ಎಚ್ಚೆತ್ತು, ಅಲಾರಂ ಎಂದುಕೊಂಡು ಮೊಬೈಲು ತಡವಿ ಮತ್ತೆ ಮಲಗಿದರು.

ಎಲ್ಲಕ್ಕಿಂತ ಜೋರಾದ ಗೊರಕೆ ಮೊದಲ ಸಾಲಿನಿಂದ ಬರುತ್ತಿತ್ತು. ಪರದೆಯ ಮೇಲೆ ಭೂತ ಕೆರಳಿ ಬಾಗಿಲು ಮುರಿಯುತ್ತಿತ್ತು. ಕೆಳಗೆ ಅದೇ ಭೂತ ಶಾಲು ಹೊದ್ದು ನಿದ್ದೆ ಹೊಡೆಯುತ್ತಿತ್ತು. ಗೌರಮ್ಮ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಗೂನು ಕಂಡಾಗಲೆಲ್ಲ ಅವರ ಹೆಗಲು ಕುಲುಕುತ್ತಿತ್ತು.

ಚಿತ್ರ ಮುಗಿದು ದೀಪ ಹತ್ತಿತು. ಎಚ್ಚರವಾದವರು ಮುಗಿದದ್ದಕ್ಕೆ ಮನಸಾರೆ ಚಪ್ಪಾಳೆ ತಟ್ಟಿದರು. ಸಂಗಮೇಶ ವೇದಿಕೆಯೇರಿ ತನ್ನ ಸಿದ್ಧಾಂತವನ್ನು ಮಂಡಿಸಿದ. ಸೇಡಿನ ಹೊರೆ, ಇಳಿಯುವ ಗೂನು, ಪಶ್ಚಾತ್ತಾಪದ ಉಬ್ಬು. ಗಂಟಲೂ ಸರಿಯಾದ ಜಾಗದಲ್ಲೇ ತುಂಬಿ ಬಂತು. ಹಿಂದಿನ ಸಾಲಿನಿಂದ ಯಾರೋ ನಿಜವಾಗಿಯೂ “ಅಬ್ಬಾ” ಎಂದರು. ಸೌಮ್ಯಾಳ ಮುಖ ಒಂದಿಷ್ಟು ಸಪ್ಪಗಾಯಿತು. ಕಪಾಟು ಉಳಿಯಿತು! ಆ ಹುರುಪಿನಲ್ಲಿ ಅವನು ನಿಂಗಪ್ಪನವರನ್ನು ಕೈಹಿಡಿದು ಹತ್ತಿಸಿ, ಕುರ್ಚಿಯಲ್ಲಿ ಕೂರಿಸಿ, ಮೈಕು ಹಿಡಿದ.

“ಸರ್, ನೀವ ಹೇಳ್ರಿ. ಆ ಗೂನು ಯಾಕ ಸಣ್ಣದಾಗ್ತಾ ಹೋತು?”

ನಿಂಗಪ್ಪನವರು ಗಂಟಲು ಸರಿ ಮಾಡಿಕೊಂಡರು. ಊಟದ ಹೊತ್ತಾಯಿತೆಂಬಂತೆ ಬಾಗಿಲ ಕಡೆ ಒಮ್ಮೆ ನೋಡಿದರು.

“ಅದು ಗೂನಲ್ರೀ. ಬುತ್ತಿ.”

ಮಲಗಿದ್ದ ಕೊನೆಯವನೂ ಎದ್ದು ಕೂತ.

ಮುದುಕರು ಸಾವಕಾಶವಾಗಿ ಬಿಡಿಸಿ ಹೇಳಿದರು. ಆ ಕಾಲದ ರೈಲಿನಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳದಾರಿ ಇರಲಿಲ್ಲ. ಸಿನಿಮಾದವರ ಊಟವೆಲ್ಲ ಮುಂದಿನ ಡಬ್ಬಿಯಲ್ಲಿ, ಭೂತ ಹಿಂದಿನ ಡಬ್ಬಿಯಲ್ಲಿ. ರೈಲು ಹೊರಟರೆ ಉಪವಾಸ. ಆಗಷ್ಟೇ ಮದುವೆಯಾಗಿ ಬಂದಿದ್ದ ಗೌರಮ್ಮ ರೊಟ್ಟಿ ಬುತ್ತಿ ಕಟ್ಟಿ ಕೊಟ್ಟಿದ್ದರು. ಕೆಳಗಿಟ್ಟರೆ ಕ್ಯಾಮೆರಾದವರು ಮುಗಿಸುತ್ತಾರೆಂಬ ಭಯಕ್ಕೆ ನಿಂಗಪ್ಪನವರು ಅದನ್ನು ವೇಷದ ಕರಡಿ ಚರ್ಮದ ಒಳಗೆ ಬೆನ್ನಿಗೆ ಬಿಗಿದುಕೊಂಡಿದ್ದರು. ನಿರ್ದೇಶಕರು ನೋಡಿ, ಗೂನು ಚೆನ್ನಾಗಿದೆ, ಇರಲಿ ಎಂದರಂತೆ.

“ತುಮಕೂರಾಗ ಎರಡು ರೊಟ್ಟಿ ತಿಂದೆ. ಅರಸೀಕೆರಿಯಾಗ ಹಸಿವು ಜಾಸ್ತಿ ಆತು. ದಾವಣಗೇರಿಗೆ ಎಲ್ಲಾ ಖಾಲಿ.”

ಸಭಾಂಗಣ ನಕ್ಕಿತು. ಇಡೀ ವಾರದ ದಣಿವು ಇಳಿಯುವಂತೆ, ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೌರಮ್ಮ ಇಷ್ಟು ಹೊತ್ತು ತಡೆದಿದ್ದನ್ನೆಲ್ಲ ಸೇರಿಸಿ ನಕ್ಕರು. ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ಸ್ಫೂರ್ತಿ ಅದರ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಸೌಮ್ಯಾ ಮಾತ್ರ ನಗಲಿಲ್ಲ. ಅವಳು ಗಾಳಿಯಲ್ಲಿ ಗೇಣು ಹಾಕಿ ಕಪಾಟಿನ ಅಗಲ ಅಳೆಯುತ್ತಿದ್ದಳು.

ಸಂಗಮೇಶ ಆ ಗೇಣಿನ ಕಡೆ ಒಮ್ಮೆ ನೋಡಿದ. ಆದರೂ ಮುಳುಗುವವನಿಗೊಂದು ಹುಲ್ಲುಕಡ್ಡಿ ಉಳಿದಿತ್ತು. ದಾವಣಗೆರೆಯಲ್ಲೇ ಬುತ್ತಿ ಖಾಲಿಯಾದ ಮೇಲೆ, ಕೊನೆಯ ದೃಶ್ಯದಲ್ಲಿ ಉಬ್ಬಿದ್ದು ರೊಟ್ಟಿಯಾಗಿರಲು ಸಾಧ್ಯವೇ ಇಲ್ಲ. ಅಲ್ಲಿ ಕಲೆ ಇದೆ, ಅರ್ಥ ಇದೆ, ಅರ್ಧ ಕಪಾಟಾದರೂ ಇದೆ! ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಸರ್, ಬುತ್ತಿ ಖಾಲಿ ಆಗಿತ್ತು ಅಂದ್ರಿ. ಹಂಗಾದ್ರ ಕಡೀ ಸೀನಿನಾಗ ಗೂನು ಮತ್ತ ಅಷ್ಟು ದೊಡ್ಡದಾತಲ್ರೀ, ಮೊದಲಿಗಿಂತ ದೊಡ್ಡದು. ಅದಕ್ಕ ಏನರ ಒಂದು ಕಾರಣ ಇರಾಕಽ ಬೇಕಲ್ರೀ?”

ನಗು ನಿಂತಿತು. ಎಲ್ಲರೂ ಭೂತದ ಮುಖ ನೋಡಿದರು. ನಿಂಗಪ್ಪನವರು ಕೈಯನ್ನು ಮೆಲ್ಲನೆ ಹಿಂದಕ್ಕೆ ಒಯ್ದು, ಆ ಭಾರ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ ಬೆನ್ನು ಮುಟ್ಟಿಕೊಂಡರು.

“ಐತ್ರಿ, ಕಾರಣ ಐತಿ. ರಾಣೆಬೆನ್ನೂರು ಸ್ಟೇಷನ್ನಿಗೆ ನಮ್ಮ ಅತ್ತಿ ಬಂದಿದ್ರು.”