ಹೆಂಡತಿ ಬಿಟ್ಟ ಹೊಗೆ

ಬೇರೆಯವರ ಹೆಂಡತಿಯರು ಗಂಡನ ಜೇಬು ನೋಡುತ್ತಾರೆ, ಫೋನು ನೋಡುತ್ತಾರೆ. ನನ್ನವಳು ಅಡುಗೆಮನೆ ಸಿಂಕಿನ ಜಾಲರಿ ನೋಡುತ್ತಾಳೆ. ಅವಳು ನಗರಸಭೆಯಲ್ಲಿ ಒಳಚರಂಡಿ ನಿರೀಕ್ಷಕಿ. ಹಗಲೆಲ್ಲ ಊರಿನ ಕೊಳಚೆ ನೀರನ್ನು ಹದ್ದುಬಸ್ತಿನಲ್ಲಿಡುತ್ತಾಳೆ, ಸಂಜೆ ಬಂದು ನನ್ನನ್ನು. ಎರಡಕ್ಕೂ ಅವಳ ದನಿ ಒಂದೇ.

ನಮ್ಮ ಮನೆಯಲ್ಲಿ ಎಣ್ಣೆ ಬಾಣಲೆಯನ್ನು ಕಾಗದದಿಂದ ಒರೆಸದೆ ತೊಳೆಯುವಂತಿಲ್ಲ. ಬಚ್ಚಲಿಗೆ ಕೂದಲು ಬಿಡುವಂತಿಲ್ಲ. (ನನ್ನ ತಲೆಯಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಒಂದು ಕಡಿಮೆಯಾದರೂ ಅವಳಿಗೆ ಗೊತ್ತಾಗುತ್ತದೆ.) ಒಮ್ಮೆ ತಣ್ಣಗಾದ ಕಾಫಿಯನ್ನು ಗಸಿಯ ಸಮೇತ ಸಿಂಕಿಗೆ ಸುರಿದೆ. ಹಾಲ್‌ನಿಂದಲೇ ಕೂಗಿದಳು: "ರೀ, ಅದೇನದು ಸದ್ದು? ದಪ್ಪಗಿತ್ತು!"

ಕಿವಿ ಹಾಗಿದೆ.

ನಾನು ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹಿಂದಿನ ಕೋಣೆ ಅತ್ತೆಯದು. ಆ ಕೋಣೆಯ ಕಿಟಕಿ ಪಕ್ಕದಲ್ಲೇ ತಾರಸಿಯ ನೀರಿನ ಪೈಪು ಇಳಿದು, ಮಳೆ ಬಂದಾಗಲೆಲ್ಲ ಅವರ ಹೂಕುಂಡಗಳ ಮೇಲೆ ಭೋರ್ಗರೆಯುತ್ತಿತ್ತು. ಅಲ್ಲೊಂದು ಇಂಗುಗುಂಡಿ ತೋಡಿ ಮಳೆನೀರನ್ನು ಮಣ್ಣಿಗೇ ಬಿಡಬೇಕೆಂದು ಹೆಂಡತಿಯ ಆಜ್ಞೆಯಾಗಿ ಬಹಳ ಕಾಲವಾಗಿತ್ತು. ಗುದ್ದಲಿ ಕೂಡ ತಂದು ನನ್ನ ಮೇಜಿಗೆ ಒರಗಿಸಿಟ್ಟಿದ್ದಳು. ಸೂಜಿಮೊನೆಯಷ್ಟು ಸ್ಕ್ರೂ ಹಿಡಿಯುವ ಕೈಗೆ ಗುದ್ದಲಿಯೇ? ನಾನು ಅದಕ್ಕೆ ಟೋಪಿ ನೇತುಹಾಕುತ್ತಿದ್ದೆ.

"ಅಳಿಯಂದ್ರೇ," ಅಂದರು ಅತ್ತೆ ಒಂದು ದಿನ, ಕೆಸರು ಮೆತ್ತಿದ ಗುಲಾಬಿಯನ್ನು ನನ್ನ ಮೂಗಿಗೆ ಹಿಡಿದು, "ಅಷ್ಟು ಸಣ್ಣ ಚಕ್ರಗಳನ್ನ ತಿರುಗಿಸ್ತೀರಲ್ಲ, ಒಂದು ಪೈಪು ತಿರುಗಿಸೋಕೆ ಬರಲ್ವಾ?"

ತಿರುಗಿಸೋದು! ಆ ಒಂದು ಪದ ನನ್ನೊಳಗೆ ಜ್ಞಾನಜ್ಯೋತಿ ಹೊತ್ತಿಸಿತು. ಪೈಪಿನ ಬುಡದಿಂದ ಮಾರುದೂರದಲ್ಲೇ ಒಳಚರಂಡಿಯ ಚೇಂಬರ್ ಇತ್ತು. ಬಚ್ಚಲು, ಸಿಂಕು, ಕಕ್ಕಸಿನ ನೀರೆಲ್ಲ ಅಲ್ಲಿಗೇ ಬಂದು ಬೀದಿಯ ದೊಡ್ಡ ಕೊಳವೆಗೆ ಹೋಗುತ್ತಿತ್ತು. ಇಷ್ಟೊಂದು ನೀರಿನ ಜೊತೆ ಇನ್ನಷ್ಟು ನೀರು ಹೋದರೆ ಯಾರಪ್ಪನ ಗಂಟು ಹೋಗುತ್ತೆ? ಹೆಂಡತಿ ಕಚೇರಿಯಲ್ಲಿದ್ದಾಗ ಪೈಪಿನ ದಿಕ್ಕು ತಿರುಗಿಸುವ ಒಂದು ಎಲ್ಬೋ, ಒಂದು ತುಂಡು ಪೈಪು, ಗಡಿಯಾರದ ಗಾಜಿಗೆ ಹಚ್ಚುವ ಅಂಟು, ಮೇಲೊಂದು ಹಿಡಿ ಸಿಮೆಂಟು! ಮಳೆನೀರನ್ನು ಚೇಂಬರಿಗೆ ತಿರುಗಿಸಿಬಿಟ್ಟೆ. ಮೇಲೆ ಮಣ್ಣು ಎಳೆದು, ಜಲ್ಲಿ ಹರಡಿ, ಗುಲಾಬಿ ಕುಂಡ ಇಟ್ಟೆ.

ಸಂಜೆ ಬಂದವಳು ಜಲ್ಲಿ ನೋಡಿ ನಿಂತುಬಿಟ್ಟಳು.

"ಇಂಗುಗುಂಡಿ ತೋಡಿದ್ರಾ? ಒಬ್ಬರೇ?"

ಇಲ್ಲ ಅನ್ನಬೇಕಿತ್ತು. ಆದರೆ ಅವಳು ಹಾಗೆ ಕಣ್ಣರಳಿಸಿ ನನ್ನನ್ನು ನೋಡಿ ಎಷ್ಟೋ ಕಾಲವಾಗಿತ್ತು. ನಾನು ಸೊಂಟ ಹಿಡಿದುಕೊಂಡು "ಅಮ್ಮಾ" ಅಂದೆ. ಅಷ್ಟೇ. ಸುಳ್ಳು ಹೇಳಲಿಲ್ಲ, ನರಳಿದೆ. ಅವಳು ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟಳು, ಮರುದಿನ ಕಚೇರಿಯಲ್ಲಿ ಎಲ್ಲರಿಗೂ ಹೇಳಿ ಬಂದಳು.

ಆಮೇಲೆ ಮಳೆ ಬಂತು.

ಎದುರುಮನೆಯವರು ಹಲ್ಲಿನ ಡಾಕ್ಟರು. ಅವರ ದವಾಖಾನೆ ರಸ್ತೆಗಿಂತ ತಗ್ಗಿನಲ್ಲಿದೆ. ನಮ್ಮ ತಾರಸಿಯ ನೀರೆಲ್ಲ ಬೀದಿಯ ಕೊಳವೆಗೆ ನುಗ್ಗಿ, ಕೊಳವೆ ಉಬ್ಬಸಪಟ್ಟು, ಒಳಗಿದ್ದುದನ್ನೆಲ್ಲ ಅವರ ಬಚ್ಚಲಿನ ಮೂಲಕ ವಾಪಸು ಮಾಡಿತು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿ ನೆಲ ನೋಡಿದವನು ಬಾಯಿ ಮುಚ್ಚಲೇ ಇಲ್ಲವಂತೆ. ಡಾಕ್ಟರು ಪ್ಯಾಂಟು ಮಂಡಿಗೇರಿಸಿಕೊಂಡು ನೇರ ನಮ್ಮ ಮನೆಗೆ ಬಂದರು. "ಮೇಡಂ, ನಾನು ಹಲ್ಲು ಕೀಳಬೇಕೋ, ಈಜು ಕಲೀಬೇಕೋ?"

ಅವತ್ತು ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಮುಟ್ಟಲಿಲ್ಲ.

"ಈ ಬೀದೀಲಿ ಯಾವನೋ ಮಳೆನೀರನ್ನ ಕದ್ದು ಒಳಚರಂಡಿಗೆ ಬಿಟ್ಟಿದಾನೆ. ಕಾನೂನು ಗೊತ್ತಿಲ್ವಾ ಅವನಿಗೆ? ಕೊಳಚೆ ನೀರಿಗೆ ಕಟ್ಟಿರೋ ಕೊಳವೆ ಅದು, ಆಕಾಶಕ್ಕೆ ಕಟ್ಟಿರೋದಲ್ಲ! ಸಿಗಲಿ, ನೀರಿಳಿಸ್ತೀನಿ."

"ಅವನು ಆಗಲೇ ಇಳಿಸಿದಾನಲ್ಲ," ಅಂದೆ. "ಹೇಗೆ ಹಿಡೀತೀಯ ಕಣೇ?"

"ಹೊಗೆ ಬಿಡ್ತೀನಿ. ಮ್ಯಾನ್‌ಹೋಲಿನಿಂದ ಬೀದಿಯ ಕೊಳವೆ ಒಳಗೆ ಹೊಗೆ ಊದಿದ್ರೆ ಆಯ್ತು. ಉಸಿರಿಗೇನೂ ಅಪಾಯ ಇಲ್ಲದ ಹೊಗೆ. ಯಾರ ತಾರಸಿ ನೀರಿನ ತೂತಿಂದ ಹೊಗೆ ಬರುತ್ತೋ ಅವನೇ ಕಳ್ಳ."

ಅತ್ತೆ ನನ್ನ ಕಡೆ ನೋಡಿದರು. ಕುಂಡ ಇಟ್ಟಾಗ ಅವರೂ ಅಲ್ಲೇ ಇದ್ದರು. ನಾನು ಅವರಿಗೆ ಇನ್ನಷ್ಟು ಅನ್ನ ಬಡಿಸಿದೆ.

ಪರೀಕ್ಷೆಯ ಬೆಳಗ್ಗೆ ಅವಳು ಹೆಲ್ಮೆಟ್ ಹಾಕಿಕೊಂಡು ಹೊರಟ ಕೂಡಲೇ ನಾನು ಪ್ರಕರಣವನ್ನು ಮುಚ್ಚಿಹಾಕಲು ಹೊರಟೆ. ಜನ ಸಾಮಾನ್ಯವಾಗಿ ಕಾಗದಪತ್ರಗಳಲ್ಲಿ ಮುಚ್ಚಿಹಾಕುತ್ತಾರೆ, ನಾನು ದಿಂಬಿನಲ್ಲಿ. ತಾರಸಿಯ ಮೂಲೆಗಳಲ್ಲಿ ನೀರು ಹೋಗಲು ಒಂದೊಂದು ತೂತು, ಎಲ್ಲವೂ ಸೇರುವುದು ಅದೇ ಪೈಪಿಗೆ. ಒಂದಕ್ಕೆ ನನ್ನ ದಿಂಬು, ಇನ್ನೊಂದಕ್ಕೆ ಹಳೇ ಕಂಬಳಿ, ಮತ್ತೊಂದಕ್ಕೆ ಅತ್ತೆಯ ಸ್ವೆಟರು. (ಅವಸರದಲ್ಲಿ ಕೈಗೆ ಸಿಕ್ಕಿದ್ದು. ಸೇಡು ಅಂತ ತಿಳಿಯಬೇಡಿ.) ಕೊನೆಯ ತೂತಿಗೆ ಬರುವ ಹೊತ್ತಿಗೆ ನನ್ನ ಬಳಿ ತುರುಕಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಹೊಗೆ ಊದುವ ಯಂತ್ರ ಗುಂಯ್ ಎಂದು ಶುರುವಾಯಿತು.

ನಾನು ಅದರ ಮೇಲೆ ಕೂತುಬಿಟ್ಟೆ.

ಹೊಗೆಗೆ ದಾರಿ ಬೇಕು. ಎಲ್ಲ ಕಡೆ ಮುಚ್ಚಿದರೆ ಉಳಿದ ಒಂದು ಕಡೆಗೆ ಪೂರ್ತಿ ಬಲ ಹಾಕಿ ಬರುತ್ತದೆ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ? ಮೊದಲು ಆಸನ ಬೆಚ್ಚಗಾಯಿತು. ಆಮೇಲೆ ಪ್ಯಾಂಟು ಬಲೂನಾಯಿತು. ಪಾದದ ಹತ್ತಿರ ಎರಡು ಬಿಳಿ ಎಳೆ ಹೊರಟವು. ಕೆಳಗೆ ಅದುಮಿದೆ; ಮೇಲೆ ಹೋಯಿತು. ತೋಳಿನಿಂದ ಬಂತು, ಗುಂಡಿಗಳ ನಡುವೆ ಬಂತು, ಕೊನೆಗೆ ಕಾಲರಿನಿಂದ ಕಿವಿಯ ಎರಡೂ ಪಕ್ಕ ಸುರುಳಿ ಸುರುಳಿಯಾಗಿ ಏಳತೊಡಗಿತು.

ಬೀದಿಯಲ್ಲಿ ಹಲ್ಲಿನ ಡಾಕ್ಟರು ಕೈ ತೋರಿಸಿ ಕೂಗಿದರು: "ಮೇಡಂ! ನಿಮ್ಮ ಯಜಮಾನ್ರು ಹೊಗೆಯಾಡ್ತಿದಾರೆ!"

ಹೆಂಡತಿ ಧ್ವನಿವರ್ಧಕ ಎತ್ತಿಕೊಂಡಳು. "ತಾರಸಿ ಮೇಲೆ ಕೂತಿರೋರು ದಯವಿಟ್ಟು ಎದ್ದೇಳಿ."

"ಧ್ಯಾನ ಮಾಡ್ತಿದೀನಿ ಕಣೇ!"

"ಧ್ಯಾನಕ್ಕೆ ಹೊಗೆ ಬರಲ್ಲ."

"ತುಂಬಾ ಆಳವಾದ ಧ್ಯಾನ!"

ಅಷ್ಟರಲ್ಲಿ ಗಡಿಯಾರದ ಅಂಟು ಕೈಕೊಟ್ಟಿತು. ಗುಲಾಬಿ ಕುಂಡದ ಕೆಳಗಿನ ಜೋಡಣೆ 'ಟಪ್' ಎಂದು ಬಿಟ್ಟು, ಹೊಗೆಯೆಲ್ಲ ಅತ್ತೆಯ ಕಿಟಕಿಯೊಳಗೆ ನುಗ್ಗಿತು. ಅವರು ಕೆಮ್ಮುತ್ತಾ ಬೀದಿಗೋಡಿ ಬಂದು, ತಿರುಗಿ ಮೇಲೆ ನೋಡಿ, ಎದೆ ಹಿಡಿದುಕೊಂಡರು. "ಅಯ್ಯೋ, ಅಳಿಯಂದ್ರಿಗೆ ಒಳಗಿಂದ ಬೆಂಕಿ ಬಿದ್ದಿದೆ!"

ನಾನು ಇಳಿದು ಬಂದೆ. ನಡೆದರೆ ಹೊಗೆ, ನಿಂತರೆ ಹೊಗೆ. ಹೆಂಡತಿ ಕುಂಡ ಸರಿಸಿ, ಎಲ್ಬೋ ನೋಡಿ, ನನ್ನನ್ನು ನೋಡಿದಳು. ನಾನು ಕೊನೆಯ ಅಸ್ತ್ರ ಬಿಟ್ಟೆ. "ಕಾನೂನಿನ ಪ್ರಕಾರ ಜವಾಬ್ದಾರಿ ಮನೆ ಮಾಲೀಕರದ್ದು. ಮನೆ ಅತ್ತೆ ಹೆಸರಲ್ಲಿದೆ."

"ಮನೆ ನಂದೇ," ಅಂದರು ಅತ್ತೆ ಕೆಮ್ಮಿನ ನಡುವೆ. "ಅಳಿಯನ್ನ ಆರಿಸಿದ್ದು ಮಾತ್ರ ನೀನು ಮಗಳೇ. ನೋಟೀಸು ಯಾರಿಗೆ ಕೊಡ್ಬೇಕೋ ಯೋಚನೆ ಮಾಡಿ ಕೊಡು."

ಬೀದಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಅಂದಳು: "ಪೈಪು ಹಾಳಾಗಿ ಹೋಗ್ಲಿ ರೀ. ಆಫೀಸಲ್ಲಿ ನಿಮ್ಮನ್ನ ಹೊಗಳಿ ಬಂದಿದ್ದೆ. ಯಾರೂ ಕೇಳಿರ್ಲಿಲ್ಲ, ನಾನಾಗೇ ಹೇಳಿದ್ದೆ."

ಹೊಗೆಗಿಂತ ಅದೇ ಕಣ್ಣಿಗೆ ಹೆಚ್ಚು ಉರಿಯಿತು. ಅವತ್ತೇ ಪೈಪು ಕಿತ್ತೆ. ಅಂಗೈ ಬೊಬ್ಬೆಯೇಳುವ ತನಕ ಗುಂಡಿ ತೋಡಿದೆ. ಡಾಕ್ಟರ ದವಾಖಾನೆ ತೊಳೆದುಕೊಟ್ಟೆ. ಇಷ್ಟಾದರೂ ಅವಳ ಮುಖ ಸಡಿಲವಾಗಲಿಲ್ಲ. ಕೊನೆಗೆ ಕೈಮುಗಿದು ಅಂದೆ, "ಏನು ಹೇಳಿದ್ರೂ ಮಾಡ್ತೀನಿ ಕಣೇ, ಮಾತಾಡು."

"ಏನು ಹೇಳಿದ್ರೂ?" ಅಂದಳು.

ಆ ಪ್ರಶ್ನೆಯ ದನಿ ಕೇಳಿದಾಗಲೇ ನಾನು ಓಡಿಹೋಗಬೇಕಿತ್ತು.

ಇಲಾಖೆಗೆ ಹೊಸದಾಗಿ ಸೇರಿದವರ ಒಂದು ತಂಡ ನಮ್ಮ ತಾರಸಿಗೆ ಬಂದಿತು. ಎಲ್ಲರಿಗೂ ಹೊಸ ಹೆಲ್ಮೆಟ್, ಕೈಯಲ್ಲಿ ಪೆನ್ನು. ಅವರಿಗೆ ಕಣ್ಣಾರೆ ತೋರಿಸಿ ಕಲಿಸಬೇಕೆಂದು ಹೆಂಡತಿ ತಾತ್ಕಾಲಿಕವಾಗಿ ಆ ಪೈಪನ್ನು ಮತ್ತೆ ಚೇಂಬರಿಗೆ ಜೋಡಿಸಿದ್ದಳು. (ಅವಳ ಜೋಡಣೆ ಅಲ್ಲಾಡಲಿಲ್ಲ.) ನಾನು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಮೂಲೆಯ ತೂತಿನ ಮೇಲೆ ವಿರಾಜಮಾನನಾಗಿದ್ದೆ. ಕೆಳಗೆ ಯಂತ್ರ ಗುಂಯ್‌ಗುಟ್ಟತೊಡಗಿತು.

ಇಲಾಖೆಯ ಭಾಷೆಯಲ್ಲಿ ಹೀಗೆ ಕದ್ದು ಜೋಡಿಸಿದ ಪೈಪಿಗೆ ಅದರದ್ದೇ ಒಂದು ಹೆಸರಿದೆಯಂತೆ. ನನಗದು ಆವರೆಗೆ ಗೊತ್ತಿರಲಿಲ್ಲ. ಹೆಂಡತಿ ಕೋಲಿನ ತುದಿಯನ್ನು ನನ್ನ ಕಡೆ ತಿರುಗಿಸಿ ಗಂಭೀರವಾಗಿ ಪರಿಚಯಿಸಿದಳು:

"ಇಲ್ಲಿ ನೋಡಿ. ಇದು ನಮ್ಮ ಮನೆಯ ಅಕ್ರಮ ಸಂಬಂಧ."

ಪೆನ್ನುಗಳು ನಿಂತವು. ಹೆಲ್ಮೆಟ್‌ಗಳು ಒಂದರ ಕಡೆ ಒಂದು ತಿರುಗಿದವು. ಮುಂದೆ ನಿಂತಿದ್ದ ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ಸಂಕೋಚದಿಂದ ಕೇಳಿದಳು:

"ಮೇಡಂ... ಇದು ನಿಮ್ಮ ಯಜಮಾನ್ರಿಗೆ ಗೊತ್ತಾ?"

ನನ್ನ ಹೆಂಡತಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ತುಟಿಯ ಅಂಚು ಅಲುಗಿತು.

"ಗೊತ್ತು," ಅಂದಳು. "ಆದ್ರೆ ಪಾಪ, ಅವರು ಏನೂ ಮಾಡೋ ಹಾಗಿಲ್ಲ."

ನಿಜಕ್ಕೂ ಏನೂ ಮಾಡುವ ಹಾಗಿರಲಿಲ್ಲ. ಕಾಲರಿನಿಂದ ಆಗತಾನೇ ಹೊಗೆ ಏಳತೊಡಗಿತ್ತು.